ಒಗ್ಗರಣೆಯ ಇಂಗು, ಗ್ರಾಫೀನಿನ ಷೇರು

ತೊಗರಿ ಹೂ ಬಿಡುವ ಕಾಲದಲ್ಲಿ ಭಾಲ್ಕಿಗೆ ಹೋಗುವ ಸಂದರ್ಭವೊಂದು ಒದಗಿತು. ನಮ್ಮ ಬಂಧುಗಳೂ ಪ್ರೌಢಶಾಲೆಯ ಗಣಿತದ ಮಾಸ್ತರರೂ ಆದ ಹಿರಿಯರೊಬ್ಬರು ಸೇವೆಯಿಂದ ನಿವೃತ್ತರಾಗಿದ್ದರು. ಆ ನಿಮಿತ್ತ ಅವರ ಮನೆಯಲ್ಲಿ ಔತಣ. ಹೋಳಿಗೆಯ ಊಟ ಮುಗಿದು, ಪಡಸಾಲೆಯಲ್ಲಿ ಹಾಸಿದ ಜಮಖಾನದ ಮೇಲೆ ಎಲೆ ಅಡಿಕೆಯ ತಟ್ಟೆ ಕೈಯಿಂದ ಕೈಗೆ ಸರಿಯುತ್ತಿತ್ತು. ಇಂಥ ಹೊತ್ತಿನಲ್ಲಿ ನಮ್ಮ ಕಡೆಯವರ ಮಾತು ಮಳೆ, ಮದುವೆ, ಚುನಾವಣೆ ಈ ಮೂರನ್ನು ದಾಟಿ ಹೊರಗೆ ಹೋಗುವುದು ಅಪರೂಪ. ಅಂದು ಮಾತ್ರ ಅದು ಯಾರೂ ಎಣಿಸದ ದಿಕ್ಕನ್ನು ಹಿಡಿಯಿತು.

ಹಿಡಿಸಿದವನು ಮಾಸ್ತರರ ತಂಗಿಯ ಮಗ. ಹೈದರಾಬಾದಿನಲ್ಲಿ ಒಳ್ಳೆಯ ಉದ್ಯೋಗದಲ್ಲಿರುವ ತರುಣ. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಬೀದರ ಜಿಲ್ಲೆಗೆ ವ್ಯಾಪಾರದ ಸುದ್ದಿಯೆಂಬುದು ಇಂದಿಗೂ ಬೆಂಗಳೂರಿಗಿಂತ ಮೊದಲು ಹೈದರಾಬಾದಿನಿಂದಲೇ ಬರುವುದು ವಾಡಿಕೆ.

"ಮಾಮಾ, ಗ್ರಾಫೀನ್ ಅಂತ ಒಂದು ವಸ್ತು ಬಂದದ. ಉಕ್ಕಿಗಿಂತ ಇನ್ನೂರು ಪಟ್ಟು ಗಟ್ಟಿ. ಅದನ್ನ ತಯಾರ ಮಾಡೋ ಕಂಪನಿ ಷೇರು ಇನ್ನೂ ಪೇಟೆಗೆ ಬಂದಿಲ್ಲ. ನಮ್ಮ ಗುರುತಿನ ದಲಾಲರ ಹತ್ತಿರ ಈಗ ಸಿಗ್ತಾವ. ಪೇಟೆಗೆ ಬಂದ ದಿನ ಐದು ಪಟ್ಟು ಆಗ್ತದಂತ."

ಮಾಸ್ತರರು ಮಾತನಾಡಲಿಲ್ಲ, ಅಡಿಕೆಯ ಹೋಳನ್ನು ಬೆರಳಲ್ಲಿ ಹೊರಳಿಸುತ್ತ ಕುಳಿತರು. ನಿವೃತ್ತಿಯ ಹಣದಲ್ಲಿ ಮನೆಯ ಸಾಲ ತೀರಿತ್ತು, ಹಿರಿಯ ಮಗಳ ಮದುವೆಯ ಬಾಕಿ ತೀರಿತ್ತು. ಉಳಿದದ್ದು ಮೂರು ಲಕ್ಷ ರೂಪಾಯಿ. ಅದು ಕಿರಿಯ ಮಗಳ ಮುಂದಿನ ಓದಿಗೆ ಎಂದು ತೆಗೆದಿರಿಸಿದ್ದು. ಆ ಹುಡುಗಿ ಅದೇ ಊರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಇನ್ನೆರಡು ವರ್ಷಕ್ಕೆ ಬೆಂಗಳೂರಿಗೆ ಹೋಗಿ ಉನ್ನತ ವ್ಯಾಸಂಗ ಮಾಡಬೇಕೆಂಬುದು ಅವಳ ಆಸೆ. ಅಳಿಯನ ಕಣ್ಣಿಗೆ ಬಿದ್ದದ್ದು ಈ ಮೂರು ಲಕ್ಷವೇ. ದುರಾಶೆಯಿಂದಲ್ಲ, ಮಾವನ ಮನೆಗೆ ಒಳ್ಳೆಯದಾಗಲಿ ಎಂಬ ಸದ್ಭಾವನೆಯಿಂದಲೇ. ಸದ್ಭಾವನೆಯಿಂದ ಕೊಟ್ಟ ಸಲಹೆಯನ್ನು ನಿರಾಕರಿಸುವುದೇ ಕಷ್ಟವಷ್ಟೆ.

"ಏನಪಾ ಅದು, ಸರಿಯಾಗಿ ಹೇಳು," ಎಂದು ಕೇಳಿದವರು ಬೀದರಿನ ಗಾಂಧಿ ಗಂಜಿನಿಂದ ಬಂದಿದ್ದ ಬೇಳೆಯ ವ್ಯಾಪಾರಿಗಳು. ಔರಾದಿನಿಂದ ಬಂದಿದ್ದ ರೈತರೊಬ್ಬರೂ ಹತ್ತಿರಕ್ಕೆ ಸರಿದು ಕುಳಿತರು. ದೇವಣಿ ತಳಿಯ ಎತ್ತುಗಳನ್ನು ಸಾಕಿ ಹೆಸರಾದವರು. ಸಹಕಾರಿ ಸಕ್ಕರೆ ಕಾರ್ಖಾನೆಯ ಷೇರುದಾರರೂ ಹೌದು. ಆದ್ದರಿಂದ ಷೇರೆಂಬ ಕಾಗದದ ರುಚಿ ಅವರಿಗೆ ಹೊಸತಲ್ಲ.

ಉತ್ತರ ಕೊಟ್ಟವಳು ಹುಡುಗಿ. ಒಳಗೆ ಹೋಗಿ ಒಂದು ಪೆನ್ಸಿಲು, ಒಂದು ಸುರುಳಿ ಅಂಟುಪಟ್ಟಿ ತಂದಳು. ಕಾಗದದ ಮೇಲೆ ಪೆನ್ಸಿಲಿನಿಂದ ಕಪ್ಪಾಗಿ ಗೀಚಿ, ಅದರ ಮೇಲೆ ಅಂಟುಪಟ್ಟಿಯನ್ನು ಒತ್ತಿ ಕಿತ್ತಳು. ಪಟ್ಟಿಗೆ ಕಪ್ಪು ಹತ್ತಿತು. ಆ ಕಪ್ಪಿನ ಮೇಲೆ ಇನ್ನೊಂದು ಪಟ್ಟಿ, ಅದರ ಮೇಲೆ ಮತ್ತೊಂದು. ಪ್ರತಿ ಸಲವೂ ಕಲೆ ತೆಳುವಾಗುತ್ತ ಹೋಯಿತು.

"ಪೆನ್ಸಿಲಿನ ಕಡ್ಡಿ ಅಂದ್ರ ಗ್ರಾಫೈಟ್. ಹಾಳೆ ಮ್ಯಾಲ ಹಾಳೆ ಪೇರಿಸಿಟ್ಟಂಗ ಇಂಗಾಲದ ಪದರ ಇರ್ತಾವ. ಹಿಂಗ ಬಿಡಿಸ್ತಾ ಬಿಡಿಸ್ತಾ ಕಡೀಗಿ ಒಂದೇ ಒಂದು ಪರಮಾಣುವಿನಷ್ಟು ದಪ್ಪದ ಹಾಳೆ ಉಳೀತದಲ್ಲ, ಅದಕ್ಕೇ ಗ್ರಾಫೀನ್ ಅಂತಾರ, ಅಪ್ಪಾ."

ಇದು ಆಟದಂತೆ ಕಂಡರೂ ಆಟವಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಎಂಬ ಇಬ್ಬರು ವಿಜ್ಞಾನಿಗಳು ಹೆಚ್ಚು ಕಡಿಮೆ ಇದೇ ಉಪಾಯದಿಂದ ಆ ಏಕಪದರವನ್ನು ಬಿಡಿಸಿ 2004ರಲ್ಲಿ ಲೋಕಕ್ಕೆ ತಿಳಿಸಿದರು. 2010ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಜೇನುಗೂಡಿನ ಕಣ್ಣುಗಳಂತೆ ಆರು ಮೂಲೆಯ ಜೋಡಣೆಯಲ್ಲಿ ಹೆಣೆದುಕೊಂಡ ಇಂಗಾಲದ ಈ ಜಾಲ ವಿದ್ಯುತ್ತನ್ನೂ ಶಾಖವನ್ನೂ ಅತಿ ಸುಲಭವಾಗಿ ಹರಿಸುತ್ತದೆ, ಬಾಗುತ್ತದೆ, ಮತ್ತು ಬೆಳಕಿನ ನೂರರಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚನ್ನು ಮಾತ್ರ ತಡೆದು ಉಳಿದುದನ್ನು ಬಿಟ್ಟುಕೊಡುತ್ತದೆ. ತರುಣನು ಹೇಳಿದ 'ಉಕ್ಕಿಗಿಂತ ಇನ್ನೂರು ಪಟ್ಟು' ಎಂಬ ಮಾತೂ ಸುಳ್ಳಲ್ಲ. ಆದರೆ ಅದು ದೋಷವಿಲ್ಲದ ಏಕಪದರವನ್ನು ಕುರಿತ ಮಾತು. ಮಾಸ್ತರರ ಮನೆಯ ಅಂಟುಪಟ್ಟಿಯಲ್ಲಿದ್ದುದು ಸಾವಿರಾರು ಪದರಗಳ ಬೂದಿಬಣ್ಣದ ಕಲೆ ಅಷ್ಟೆ.

ಇಷ್ಟೊಂದು ಗುಣಗಳಿರುವ ವಸ್ತುವಿನ ಷೇರು ಕೊಂಡರೆ ನಷ್ಟವೆಲ್ಲಿಂದ ಬಂತು? ತರುಣನ ವಾದವೆಲ್ಲ ಈ ಒಂದು ಪ್ರಶ್ನೆಯಲ್ಲಿತ್ತು. ಪಟ್ಟಣದ ಅನೇಕ ಸುಶಿಕ್ಷಿತ ಕುಟುಂಬಗಳಲ್ಲಿ ಇದೇ ಪ್ರಶ್ನೆ, ವಸ್ತುವಿನ ಹೆಸರು ಮಾತ್ರ ಬದಲಾಗಿ, ಮತ್ತೆ ಮತ್ತೆ ಏಳುತ್ತಿರುವುದರಿಂದ ಅದನ್ನು ಸ್ವಲ್ಪ ಬಿಡಿಸಿ ನೋಡುವುದು ಉಚಿತ. ಅಂದು ಪಡಸಾಲೆಯಲ್ಲಿ ನನಗೆ ತಿಳಿದಷ್ಟನ್ನು ಹೇಳಿದೆ. ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

ಮೋಟಾರಿಗೆ ಬಂತು, ಷೇರುದಾರನಿಗೆ?

ಅಮೆರಿಕದ ಮಿಷಿಗನ್ ಪ್ರಾಂತ್ಯದಲ್ಲಿ ಎಕ್ಸ್‌ಜಿ ಸೈನ್ಸಸ್ ಎಂಬ ಸಂಸ್ಥೆ 2006ರಲ್ಲಿ ಆರಂಭವಾಯಿತು. ಗ್ರಾಫೈಟಿನಿಂದ ಅತಿ ತೆಳುವಾದ ಪದರಗಳ ಪುಡಿಯನ್ನು ತಯಾರಿಸುವುದು ಅದರ ಕಸುಬು. 2016ರಿಂದ 2019ರವರೆಗೆ ಆ ಸಂಸ್ಥೆ ತನ್ನ ಷೇರುಗಳನ್ನು ಒಂದಕ್ಕೆ 8 ಡಾಲರಿನಂತೆ ಮಧ್ಯವರ್ತಿ ಬ್ಯಾಂಕುಗಳಿಲ್ಲದೆ ತಾನೇ ಸಾರ್ವಜನಿಕರಿಗೆ ಮಾರಿತು. ಯಾವ ಷೇರು ಪೇಟೆಯಲ್ಲಿಯೂ ಅದರ ವಹಿವಾಟು ಇರಲಿಲ್ಲ. ಕೊಂಡವರಲ್ಲಿ ನಮ್ಮ ಮಾಸ್ತರರಂಥ ಸಣ್ಣ ಹಣದವರೂ ಇದ್ದರು.

ಸಂಸ್ಥೆಯು ಸುಳ್ಳು ಹೇಳಲಿಲ್ಲ. 2018ರಲ್ಲಿ ಫೋರ್ಡ್ ಮೋಟಾರು ಕಂಪನಿಯೇ ಮುಂದೆ ಬಂದು, ತನ್ನ ಎರಡು ಹೆಸರಾಂತ ವಾಹನಗಳ ಎಂಜಿನ್ನಿನ ಸುತ್ತಲಿನ ಹತ್ತಕ್ಕೂ ಹೆಚ್ಚು ಭಾಗಗಳಲ್ಲಿ ಎಕ್ಸ್‌ಜಿ ಸಂಸ್ಥೆಯ ಗ್ರಾಫೀನನ್ನು ಬೆರೆಸುವುದಾಗಿ ಪ್ರಕಟಿಸಿತು. ಪರೀಕ್ಷೆಯಲ್ಲಿ ಸದ್ದು ನೂರಕ್ಕೆ 17ರಷ್ಟು ತಗ್ಗಿತು, ಭಾಗಗಳ ಬಲ 20ರಷ್ಟು ಹೆಚ್ಚಿತು, ಶಾಖವನ್ನು ತಾಳುವ ಶಕ್ತಿ 30ರಷ್ಟು ವೃದ್ಧಿಯಾಯಿತು. ವಿಜ್ಞಾನ ಗೆದ್ದಿತು, ಗಿರಾಕಿಯೂ ಸಿಕ್ಕಿತು. ಅದೂ ಪ್ರಪಂಚದಲ್ಲೇ ಹೆಸರಾದ ಗಿರಾಕಿ. ಇಷ್ಟಾಗಿಯೂ 2022ರಲ್ಲಿ ಎಕ್ಸ್‌ಜಿ ಸಂಸ್ಥೆಯ ಆಸ್ತಿಯನ್ನು ಕೆನಡಾದ ನ್ಯಾನೋಎಕ್ಸ್‌ಪ್ಲೋರ್ ಎಂಬ ಸಂಸ್ಥೆ ಕೇವಲ 30 ಲಕ್ಷ ಡಾಲರಿಗೆ ಕೊಂಡುಕೊಂಡಿತು. ಅಷ್ಟು ವರ್ಷಗಳ ದುಡಿಮೆ, ಯಂತ್ರ, ವಿದ್ಯೆಗಳಿಗೆ ಬಂದ ಬೆಲೆ ಅದು.

"ಇದು ಹ್ಯಾಂಗಾಯಿತ್ರಿ?" ಎಂದು ಔರಾದಿನವರು ಕೇಳಿದರು.

ಬೆರೆಸಿದ ಪ್ರಮಾಣ ಎಷ್ಟೆಂಬುದರಲ್ಲಿ ಉತ್ತರದ ಒಂದು ಪಾಲಿದೆ. ಫೋರ್ಡಿನ ಆ ಭಾಗಗಳಲ್ಲಿದ್ದ ಗ್ರಾಫೀನ್ ನೂರಕ್ಕೆ ಅರ್ಧ ಪಾಲಿಗಿಂತಲೂ ಕಡಿಮೆ. ಒಂದು ಕಿಲೋ ವಸ್ತುವಿಗೆ ಐದು ಗ್ರಾಮೂ ಇಲ್ಲ. ಇದನ್ನು ಕೇಳಿ ಬೀದರಿನ ಸಾಹುಕಾರರು ತೊಡೆ ತಟ್ಟಿ ನಕ್ಕರು.

"ಹಂಗಾದ್ರ ಇದು ಒಗ್ಗರಣಿ ಇಂಗು! ಸಾರಿನ ಘಮ ಎಲ್ಲಾ ಇಂಗಿನದೇ. ಆದ್ರ ಖಾನಾವಳಿಯವ ದಿನಾ ಎಷ್ಟು ಇಂಗು ತಗೋತಾನ? ರೊಕ್ಕ ಎಣಿಸೋವ ಖಾನಾವಳಿಯವ, ಇಂಗು ಮಾರೋವ ಅಲ್ಲ."

ಇಂಗು ತೆಂಗು ಇದ್ದರೆ ಮಂಗನೂ ಅಡಿಗೆ ಮಾಡೀತೆಂಬ ಗಾದೆಯನ್ನು ಮಾಸ್ತರರು ನೆನೆದರು. ಅಂದಿನ ಚರ್ಚೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ತೋರಿದುದು ಸಾಹುಕಾರರ ಆ ಇಂಗಿನ ಮಾತೇ. ವಸ್ತು ಉಪಯುಕ್ತವೇ ಎಂಬುದು ಒಂದು ಪ್ರಶ್ನೆ, ಅದನ್ನು ಮಾಡುವವನಿಗೆ ಲಾಭ ಉಳಿಯುವುದೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ವಿಜ್ಞಾನಿ ಉತ್ತರ ಕೊಡಬಲ್ಲ. ಎರಡನೆಯದಕ್ಕೆ ಗಾಂಧಿ ಗಂಜಿನವರೇ ಬೇಕು.

ಕರಗುವ ಪಾಲು

ಎರಡನೆಯ ಕಾರಣವನ್ನು ಮಾಸ್ತರರೇ ಲೆಕ್ಕ ಹಾಕಿ ತೋರಿಸಿದರು. ಮಾರಾಟದಿಂದ ಸಂಬಳ ಹುಟ್ಟದ ಕಂಪನಿ ಬದುಕಿರಬೇಕಾದರೆ ವರ್ಷ ವರ್ಷವೂ ಹೊಸ ಷೇರುಗಳನ್ನು ಮಾರಲೇಬೇಕು. ಕಂಪನಿಯಲ್ಲಿ ಒಟ್ಟು ನೂರು ಷೇರುಗಳಿದ್ದು ನಿಮ್ಮವು ಹತ್ತು ಎಂದಿಟ್ಟುಕೊಳ್ಳಿ; ನೀವು ಹತ್ತನೆಯ ಒಂದು ಪಾಲಿನ ಒಡೆಯರು. ಮೂರು ವರ್ಷ ಸತತವಾಗಿ ನೂರು ನೂರು ಹೊಸ ಷೇರು ಮಾರಿದರೆ ಒಟ್ಟು ನಾನೂರಾಗುತ್ತವೆ. ನಿಮ್ಮ ಹತ್ತು ಹತ್ತೇ, ಪಾಲು ಮಾತ್ರ ನಲವತ್ತರಲ್ಲೊಂದು. ನಾಲ್ಕನೆಯ ವರ್ಷ ಕೊನೆಗೂ ಒಂದು ಲಕ್ಷ ಲಾಭ ಬಂದಿತೆನ್ನಿ. ಹತ್ತು ಸಾವಿರ ಎಣಿಸಬೇಕಾಗಿದ್ದವರಿಗೆ ದಕ್ಕುವುದು ಎರಡೂವರೆ ಸಾವಿರ.

ಇದು ಕರಿಹಲಗೆಯ ಲೆಕ್ಕವಷ್ಟೇ ಅಲ್ಲ. ಲಂಡನ್ನಿನ ಕಿರಿಯ ಷೇರು ಪೇಟೆಗೆ 2013ರಲ್ಲಿ ಬಂದ ವರ್ಸೇರಿಯನ್ ಎಂಬ ಕಂಪನಿಯ ಷೇರು ಗ್ರಾಫೀನಿನ ಹೆಸರಿನಲ್ಲಿ 2018ರಲ್ಲಿ 150 ಪೆನ್ಸನ್ನು ದಾಟಿತ್ತು. ಆ ಕಂಪನಿ ಮೇಲಿಂದ ಮೇಲೆ ಹೊಸ ಷೇರುಗಳನ್ನು ಹೊರಡಿಸಿತು. 2024ರ ಹೊತ್ತಿಗೆ ಷೇರೊಂದರ ಬೆಲೆ ಒಂದು ಪೆನ್ನಿಗಿಂತಲೂ ಕೆಳಗಿತ್ತು. ಅದೇ ಪೇಟೆಗೆ ಅದೇ 2013ರಲ್ಲಿ, ಡರ್ಹಮ್ ವಿಶ್ವವಿದ್ಯಾನಿಲಯದ ಸಂಶೋಧನೆಯಿಂದ ಹುಟ್ಟಿದ ಅಪ್ಲೈಡ್ ಗ್ರಾಫೀನ್ ಮೆಟೀರಿಯಲ್ಸ್ ಎಂಬ ಕಂಪನಿ ಬಂದಿತ್ತು. ಅದರ ವ್ಯವಹಾರವೂ 2023ರಲ್ಲಿ ಪರರ ಕೈ ಸೇರಿತು.

"ಅವು ವಿಲಾಯತಿ ಕಂಪನಿ, ಮಾಮಾ," ಎಂದ ತರುಣ, ಸೋಲೊಪ್ಪದೆ.

"ಲೆಕ್ಕಕ್ಕ ವಿಲಾಯತಿ, ದೇಶೀ ಅಂತ ಇರ್ತದೇನಪಾ?" ಎಂದರು ಮಾಸ್ತರರು.

ಸಾಹುಕಾರರಿಗೆ ಹಿಡಿಸಿದ ಸಂಗತಿ ಬೇರೊಂದು. ಗ್ರಾಫೀನ್ ಎಂದು ಮಾರುವ ಪುಡಿ ನಿಜವಾಗಿ ಗ್ರಾಫೀನೇ ಎಂದು ಕೊಳ್ಳುವವನಿಗೆ ತಿಳಿಯುವುದು ಹೇಗೆ? ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ತಂಡವೊಂದು ಲೋಕದ 60 ತಯಾರಕರ ಮಾಲನ್ನು ತರಿಸಿ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಹತ್ತು ಪದರದವರೆಗಿನದನ್ನು ಗ್ರಾಫೀನ್ ಎಂದು ಉದಾರವಾಗಿ ಎಣಿಸಿದರೂ, ಹೆಚ್ಚಿನ ಮಾದರಿಗಳಲ್ಲಿ ಅದರ ಅಂಶ ನೂರಕ್ಕೆ ಹತ್ತನ್ನೂ ಮುಟ್ಟಲಿಲ್ಲ. ಅರ್ಧವನ್ನು ದಾಟಿದ್ದು ಒಂದೂ ಇರಲಿಲ್ಲ. ಉಳಿದದ್ದೆಲ್ಲ ಬಹುಪಾಲು ನುಣ್ಣಗೆ ಅರೆದ ಗ್ರಾಫೈಟ್, ಅಂದರೆ ಪೆನ್ಸಿಲಿನ ಕಡ್ಡಿ.

ಸಾಹುಕಾರರು ಗಂಭೀರರಾದರು. ತೊಗರಿಯ ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ತೆಗೆದು, ಅಂಗೈಯಲ್ಲಿ ಹರಡಿ, ಒಂದು ಕಾಳನ್ನು ಹಲ್ಲಿನಿಂದ ಕಡಿದು ತೇವ ತಿಳಿಯುವ ವಿದ್ಯೆ ಅವರದು. "ಮಾಲು ಪರಖ್ ಮಾಡಲಿಕ್ಕ ಬರಲಾರದ ವ್ಯಾಪಾರಕ್ಕ ನಾ ಇಳಿಯೋದಿಲ್ಲ," ಎಂದು ಬಿಟ್ಟರು.

ಗ್ರಾಫೈಟಿನ ಗುಂಗು

ತರುಣನ ಬತ್ತಳಿಕೆಯಲ್ಲಿ ಇನ್ನೊಂದು ಬಾಣವಿತ್ತು. ನಮ್ಮ ದೇಶದಲ್ಲೇ ಗ್ರಾಫೈಟ್ ಕಂಪನಿಯೊಂದರ ಷೇರು ಒಂದೂವರೆ ಎರಡು ವರ್ಷಗಳಲ್ಲಿ ಮೂವತ್ತು ಪಟ್ಟು ಏರಲಿಲ್ಲವೆ? ಏರಿದ್ದು ನಿಜ. ಭೋಪಾಲದ ಬಳಿಯ ಮಂಡೀದೀಪದಲ್ಲಿ ಕಾರ್ಖಾನೆಯುಳ್ಳ ಎಚ್‌ಇಜಿ ಕಂಪನಿಯ ಷೇರು 2017ರ ಆರಂಭದಲ್ಲಿ ಸುಮಾರು 150 ರೂಪಾಯಿ ಇದ್ದದ್ದು 2018ರ ಅಕ್ಟೋಬರಿನಲ್ಲಿ 4,900ನ್ನು ದಾಟಿತು. ಆದರೆ ಅದಕ್ಕೂ ಗ್ರಾಫೀನಿಗೂ ಸಂಬಂಧವಿರಲಿಲ್ಲ. ಹಳೆಯ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಲು ಗ್ರಾಫೈಟಿನ ದಪ್ಪ ಕಂಬಗಳು ಬೇಕು. ಚೀನಾ ದೇಶ ಹೊಗೆಯುಗುಳುವ ಕಾರ್ಖಾನೆಗಳ ಮೇಲೆ 2017ರಲ್ಲಿ ನಿರ್ಬಂಧ ಹೇರಿದಾಗ ಆ ಕಂಬಗಳಿಗೆ ಲೋಕದಲ್ಲೆಲ್ಲ ಅಭಾವವುಂಟಾಯಿತು, ಬೆಲೆ ಗಗನಕ್ಕೇರಿತು. ಅಭಾವ ತೀರಿತು, ಬೆಲೆಯೂ ಇಳಿಯಿತು. 2020ರ ಮಾರ್ಚಿನಲ್ಲಿ ಅದೇ ಷೇರು 500 ರೂಪಾಯಿಗಿಂತ ಕೆಳಗಿತ್ತು.

ಇಲ್ಲಿ ಔರಾದಿನವರಿಗೆ ವಿವರಣೆಯೇ ಬೇಕಾಗಲಿಲ್ಲ. 2015ರಲ್ಲಿ ತೊಗರಿಬೇಳೆ ಕಿಲೋಗೆ ಇನ್ನೂರು ರೂಪಾಯಿ ಮುಟ್ಟಿದ್ದು, ಅದನ್ನು ಕಂಡು ಮರುವರ್ಷ ಊರಿಗೆ ಊರೇ ತೊಗರಿ ಬಿತ್ತಿದ್ದು, ಮಳೆಯೂ ಅನುಕೂಲವಾಗಿ ರಾಶಿ ರಾಶಿ ಬೆಳೆ ಬಂದದ್ದು, ಸರಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 5,050 ಇದ್ದರೂ ಪೇಟೆಯಲ್ಲಿ ಅಷ್ಟು ಸಿಗದೆ ಖರೀದಿ ಕೇಂದ್ರದ ಮುಂದೆ ಬಂಡಿಗಳ ಸಾಲು ನಿಂತದ್ದು, ಎಲ್ಲವನ್ನೂ ಅವರು ಮೈಮೇಲೆ ಅನುಭವಿಸಿದವರು.

"ರೇಟು ಏರಿದ ವರ್ಷ ಬಿತ್ತಿದವ ಗಳಸಲಿಲ್ಲರಿ. ಅದರ ಹಿಂದಿನ ವರ್ಷ ಬಿತ್ತಿದವ ಗಳಸಿದ," ಎಂದರು. ಪೆನ್ಸಿಲಿನ ಸಂಗತಿಯಲ್ಲಿ ತಮಗೇನೂ ತಿಳಿಯದೆಂದು ಆರಂಭದಲ್ಲಿ ಹೇಳಿಕೊಂಡಿದ್ದವರು ಅವರೇ!

ತರುಣನ ಪಕ್ಷ

ಇಷ್ಟು ಹೇಳಿ ತರುಣನ ಪಕ್ಷವನ್ನು ಬಿಟ್ಟರೆ ಅನ್ಯಾಯವಾದೀತು. ಅವನು ಹೇಳಿದ ಒಂದು ಮಾತಿಗೆ ಯಾರೂ ಸರಿಯಾದ ಉತ್ತರ ಕೊಡಲಿಲ್ಲ. "ಎಲ್ಲರೂ ಹಿಂಗೇ ಕೂತಿದ್ರ ಹೊಸಾ ವಸ್ತು ಹುಟ್ಟೋದಾದರೂ ಹ್ಯಾಂಗ, ಮಾಮಾ? ಯಾರಾದರೂ ಮೊದಲು ರೊಕ್ಕ ಹಾಕಬೇಕಲ್ಲ?"

ಹಾಕಬೇಕು. ಇಂಗಾಲದ ಎಳೆಯ ಕಥೆಯನ್ನೇ ನೋಡಬಹುದು. ಬ್ರಿಟನ್ನಿನ ರೋಲ್ಸ್ ರಾಯ್ಸ್ ಕಂಪನಿ ತನ್ನ ಹೊಸ ವಿಮಾನದ ಎಂಜಿನ್ನಿಗೆ ಇಂಗಾಲದ ಎಳೆಯ ಅಲಗುಗಳನ್ನು ಅಳವಡಿಸಲು ಹೊರಟಿತು. 1970ರ ಪರೀಕ್ಷೆಯಲ್ಲಿ, ಹಾರುವ ಹಕ್ಕಿ ಬಡಿದರೆ ತಾಳುವವೇ ಎಂದು ನೋಡಿದಾಗ, ಅಲಗುಗಳು ಒಡೆದುಹೋದವು. ಆ ಎಂಜಿನ್ನಿನ ವೆಚ್ಚದ ಭಾರದಲ್ಲಿ 1971ರ ಫೆಬ್ರವರಿ 4ರಂದು ಆ ಮಹಾ ಕಂಪನಿ ದಿವಾಳಿಯಾಗಿ ಸರಕಾರದ ವಶಕ್ಕೆ ಹೋಯಿತು. ಅದೇ 1971ರಲ್ಲಿ ಜಪಾನಿನ ಟೋರೇ ಕಂಪನಿ ಇಂಗಾಲದ ಎಳೆಯನ್ನು ವಾಣಿಜ್ಯ ರೀತಿಯಲ್ಲಿ ತಯಾರಿಸತೊಡಗಿತು. ಮೊದಲು ಮೀನು ಹಿಡಿಯುವ ಕೋಲು, ಗಾಲ್ಫ್ ಆಟದ ದಾಂಡು ಇಂಥವುಗಳಿಗೆ ಮಾರಿ ಕಾದಿತು. ರೆಕ್ಕೆ, ಒಡಲುಗಳೆಲ್ಲ ಆ ಎಳೆಯಿಂದಲೇ ಆದ ಬೋಯಿಂಗ್ 787 ವಿಮಾನ ಆಕಾಶಕ್ಕೆ ಏರಿದ್ದು 2009ರ ಡಿಸೆಂಬರಿನಲ್ಲಿ. ನಡುವೆ ಸಂದದ್ದು ಮೂವತ್ತೆಂಟು ವರ್ಷ. ಟೋರೇಗೆ ಬೇರೆ ನೂಲಿನ ವ್ಯಾಪಾರವಿತ್ತು, ಕಾಯುವ ಶಕ್ತಿಯಿತ್ತು. ಗ್ರಾಫೀನ್ ಕೂಡ 2013ರಲ್ಲೇ ಟೆನಿಸ್ ದಾಂಡಿಗೆ ಬಂದಿದೆ. ಜೋಕೊವಿಚ್ ಅದನ್ನು ಹಿಡಿದು ಆಡಿದ್ದುಂಟು. ಕಾಲ ಕೂಡಿ ಬಂದೀತು. ಆದರೆ ಕಾಯಬೇಕಾದವರು ಯಾರು? ಇಪ್ಪತ್ತಾರರ ತರುಣನೋ, ಅರವತ್ತರ ಮಾಸ್ತರರೋ? ಎರಡು ವರ್ಷದಲ್ಲಿ ಶುಲ್ಕ ಕಟ್ಟಬೇಕಾದ ಹಣ ಮೂವತ್ತೆಂಟು ವರ್ಷ ಕಾಯಲಾರದು.

ನಮ್ಮ ದೇಶದಲ್ಲಿ ಕೆಲಸ ನಡೆದಿಲ್ಲವೆಂದಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಸಿ. ಎನ್. ಆರ್. ರಾಯರೂ ಅವರ ಸಂಗಡಿಗರೂ ಗ್ರಾಫೀನನ್ನು ಕುರಿತು ವಿಪುಲವಾಗಿ ಸಂಶೋಧನೆ ನಡೆಸಿದ್ದಾರೆ. ಕೇರಳದಲ್ಲಿ ಟಾಟಾ ಸ್ಟೀಲಿನ ಸಹಯೋಗದಿಂದ ಗ್ರಾಫೀನಿಗಾಗಿಯೇ ಒಂದು ಕೇಂದ್ರ ಸ್ಥಾಪಿತವಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯವರು 2025ರಲ್ಲಿ ಗ್ರಾಫೀನಿನೊಳಗೆ ಎಲೆಕ್ಟ್ರಾನುಗಳು ದ್ರವದಂತೆ ಹರಿಯುವುದನ್ನು ಕಂಡು ವಿದ್ವಾಂಸರ ಗಮನ ಸೆಳೆದರು. ಇಂಥ ಒಂದೊಂದು ಶುದ್ಧ ವಿಜ್ಞಾನದ ವಾರ್ತೆಯೂ ದಲಾಲರ ಕೈಗೆ ಸಿಕ್ಕರೆ ಷೇರಿನ ಜಾಹೀರಾತಾಗುವುದು ವಿಷಾದದ ಸಂಗತಿ. ಟಾಟಾ ಸ್ಟೀಲಿನ ಷೇರನ್ನು ಗ್ರಾಫೀನಿಗೆಂದು ಕೊಳ್ಳುವುದೂ ಒಂದು ಲೋಟ ಮಜ್ಜಿಗೆಗೆ ಎಮ್ಮೆ ಕಟ್ಟಿದಂತೆಯೇ. ಉಕ್ಕಿನ ಏರಿಳಿತವೇ ಅಲ್ಲಿ ಮುಖ್ಯ. ರೂರ್ಕಿಯ ಐಐಟಿಯಲ್ಲಿ 2015ರಲ್ಲಿ ಗ್ರಾಫೀನಿನಿಂದಲೇ ಆರಂಭಿಸಿ ಬೆಂಗಳೂರಿಗೆ ಬಂದ ಲಾಗ್9 ಎಂಬ ಸಂಸ್ಥೆ 2023ರ ಹೊತ್ತಿಗೆ ಲಿಥಿಯಂ ವಿದ್ಯುತ್ಕೋಶಗಳ ಕಾರ್ಖಾನೆ ತೆರೆದಿತ್ತು. ಹೊರಟ ದಾರಿಯೇ ಬೇರೆ, ಸೇರಿದ ಊರೇ ಬೇರೆ. ಹೊಸ ಉದ್ಯಮಗಳಲ್ಲಿ ಇದು ಸಹಜ. ಹಣ ಹಾಕುವವನು ಮಾತ್ರ ಇದನ್ನು ಮೊದಲೇ ತಿಳಿದಿರಬೇಕು.

ಪೇಟೆಗೆ ಬಾರದ ಷೇರಿನ ವಿಷಯದಲ್ಲಿ ಗೃಹಸ್ಥರು ಇನ್ನೊಂದನ್ನು ಗಮನಿಸಬೇಕು. ಷೇರು ಪೇಟೆಗೆ ಬರುವ ಕಂಪನಿ ಸೆಬಿಯ ನಿಯಮದಂತೆ ತನ್ನ ವ್ಯವಹಾರ, ಸಾಲ, ವ್ಯಾಜ್ಯ, ಅಪಾಯಗಳನ್ನೆಲ್ಲ ಬರೆದು ಪ್ರಕಟಿಸಬೇಕು. ದಲಾಲರ ಮೂಲಕ ಕೈಯಿಂದ ಕೈಗೆ ಮಾರುವ ಷೇರಿಗೆ ಅಂಥ ಪತ್ರವಿಲ್ಲ. ಬೆಲೆ ಮಾರುವವನು ಹೇಳಿದ್ದೇ ಸರಿ, ಮರಳಿ ಮಾರಲು ಹೊರಟರೆ ಕೊಳ್ಳುವವನು ಸಿಗಬೇಕು. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ನಮ್ಮ ದೇಶದ ಕಂಪನಿಗಳು ವರ್ಷದ ಲೆಕ್ಕಪತ್ರವನ್ನು ಸರಕಾರಕ್ಕೆ ಸಲ್ಲಿಸಬೇಕು, ಅಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ಅದನ್ನು ನೋಡಬಹುದು.

ಇದನ್ನು ಕೇಳಿದ್ದೇ ಹುಡುಗಿ ಎದ್ದಳು. ಅಣ್ಣನಿಂದ ಕಂಪನಿಯ ಹೆಸರನ್ನು ಬರೆಸಿಕೊಂಡಳು. ಮಾಸ್ತರರು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ತಮ್ಮ ದುಂಡು ಅಕ್ಷರದಲ್ಲಿ ಪ್ರಶ್ನೆಗಳನ್ನು ಬರೆದುಕೊಟ್ಟರು: ಕಳೆದ ವರ್ಷ ಎಷ್ಟು ಮಾಲು ಮಾರಿದರು, ಯಾರಿಗೆ ಮಾರಿದರು, ಕೈಯಲ್ಲಿರುವ ನಗದು ಎಷ್ಟು ತಿಂಗಳ ಸಂಬಳಕ್ಕೆ ಸಾಕು, ಮೂರು ವರ್ಷದಲ್ಲಿ ಷೇರುಗಳ ಸಂಖ್ಯೆ ಎಷ್ಟಾಯಿತು. ಹೈದರಾಬಾದಿನ ದಲಾಲರು ಇದಕ್ಕೆ ದೂರವಾಣಿಯಲ್ಲಿ ಕೊಟ್ಟ ಉತ್ತರ, "ಸಂಜೆಯೊಳಗೆ ಹೇಳಿ, ಇಬ್ಬರು ಕಾಯುತ್ತಿದ್ದಾರೆ."

ಹದಿನೈದು ದಿನದ ಮೇಲೆ ಬೇರೆ ಕೆಲಸಕ್ಕಾಗಿ ಔರಾದಿಗೆ ಹೋದಾಗ ಅಮರೇಶ್ವರ ಗುಡಿಯ ಬಳಿ ಆ ರೈತರೇ ಎದುರಾದರು. ಮುಂದಿನ ಸುದ್ದಿ ತಿಳಿದದ್ದು ಅವರಿಂದ. ಹುಡುಗಿ ಲೆಕ್ಕಪತ್ರವನ್ನು ತರಿಸಿ ಓದಿದಳಂತೆ. ಅದರಲ್ಲಿ ಗ್ರಾಫೀನ್ ಮಾರಾಟದ ಸಾಲು ಬ್ಯಾಂಕಿನ ಬಡ್ಡಿಯ ಸಾಲಿಗಿಂತ ಚಿಕ್ಕದಾಗಿತ್ತಂತೆ. ಮಾಸ್ತರರು ಮೂರು ಲಕ್ಷವನ್ನು ಅಂಚೆ ಕಚೇರಿಯಲ್ಲಿ ಎರಡು ವರ್ಷದ ಠೇವಣಿ ಇಟ್ಟರು. ತರುಣ ತನ್ನ ಒಂದು ತಿಂಗಳ ಸಂಬಳದ ಹಣದಿಂದ ಷೇರು ಕೊಂಡ. ಮಾವ ಬೇಡವೆನ್ನಲಿಲ್ಲ, "ಇದು ನಿನ್ನ ರೊಕ್ಕ, ನಿನ್ನ ವಯಸ್ಸು" ಎಂದರಂತೆ. ಹುಡುಗಿ ಕಾಲೇಜಿನ ಪ್ರಯೋಗಕ್ಕೆ ಗ್ರಾಫೀನನ್ನೇ ಆರಿಸಿಕೊಂಡಿದ್ದಾಳೆ.

"ನಮ್ಮ ಸಾಹುಕಾರರು ಏನಂದ್ರು?" ಎಂದು ಕೇಳಿದೆ.

"ಅವರೇನಂತಾರ? ಆ ಪುಡಿ ಸ್ವಸ್ತ ಆದಾಗ ಹೇಳ್ರಿ, ಗೋಡೌನ್ ಛತ್ತಿಗಿ ಬಳಿಯೋ ಬಣ್ಣದಾಗ ಹಾಕ್ಸಿ ನೋಡ್ತೀನಿ ಅಂದ್ರು," ಎಂದು ನಕ್ಕು, ಎತ್ತುಗಳಿಗೆ ನೀರು ಕುಡಿಸುವ ಹೊತ್ತಾಯಿತೆಂದು ಔರಾದಿನವರು ಮನೆಯ ಕಡೆಗೆ ಹೊರಟರು.